ಎಮ್ಯಾನ್ಸಿಪೇಶನ್: ಯಾರ ಕೈಯಿಂದ ಬಿಡುಗಡೆ, ಯಾವ ಷರತ್ತಿಗೆ?

ಪದಕೋಶ:
ಎಮ್ಯಾನ್ಸಿಪೇಶನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಲಿಂಕನ್, 1863. ಆದರೆ ಇದೇ ಪದ 1829ರಲ್ಲಿ ಬ್ರಿಟನ್ನಿನ ಕ್ಯಾಥೊಲಿಕ್ಕರಿಗೆ ಬಳಕೆಯಾಗಿದೆ, 1861ರಲ್ಲಿ ರಷ್ಯಾದ ಜೀತರೈತರಿಗೆ ಬಳಕೆಯಾಗಿದೆ. ಯಹೂದಿಗಳ ನಾಗರಿಕ ಹಕ್ಕು, ಹೆಣ್ಣುಮಕ್ಕಳ ಹಕ್ಕಿನ ಚರ್ಚೆಯಲ್ಲೂ ಬರುತ್ತದೆ. ಹದಿನಾರು ವರ್ಷದ ಹುಡುಗ ನ್ಯಾಯಾಲಯದ ಆದೇಶ ಪಡೆದು ತಂದೆತಾಯಿಯ ಅಧಿಕಾರದಿಂದ ಹೊರಬಂದರೆ ಅದಕ್ಕೂ ಇದೇ ಹೆಸರು. ಇಷ್ಟು ಬೇರೆ ಬೇರೆ ಸಂಗತಿಗಳನ್ನು ಒಂದೇ ಪದ ಹೊತ್ತಿರುವುದು ಹೇಗೆ? ಮ್ಯಾನ್ಯುಮಿಷನ್, ಅಬಾಲಿಷನ್ ಎಂಬ ಅಕ್ಕಪಕ್ಕದ ಪದಗಳಿಂದ ಇದನ್ನು ಎಲ್ಲಿ ಬೇರ್ಪಡಿಸಬೇಕು? ವಿಶ್ವಕೋಶದ ನಮೂದೊಂದಕ್ಕೆ ಬೇಕಾಗಿದೆ. ನಿಘಂಟಿನ ಅರ್ಥ ಸಿಗುತ್ತದೆ. ಒಂದೊಂದು ಸಂದರ್ಭದಲ್ಲೂ ಕಾನೂನಿನ ಪ್ರಕಾರ ನಿಜಕ್ಕೂ ಏನು ನಡೆಯಿತು ಅನ್ನುವುದನ್ನು ತಿಳಿದವರು ಬಿಡಿಸಿ ಬರೆದರೆ ಉಪಕಾರ.

ತಕ್ಕಡಿ:
ಬೇರು ರೋಮನ್ ಕಾನೂನಿನಲ್ಲಿದೆ. ಅಲ್ಲಿ ಇದು ಗುಲಾಮರ ವಿಷಯವೇ ಅಲ್ಲ, ಮಕ್ಕಳ ವಿಷಯ. ಲ್ಯಾಟಿನ್ನಿನಲ್ಲಿ ‘ಮಾನುಸ್’ ಎಂದರೆ ಕೈ, ‘ಕಾಪೆರೆ’ ಎಂದರೆ ಹಿಡಿಯುವುದು. ಕೈಯಲ್ಲಿ ಹಿಡಿದು ತನ್ನದಾಗಿಸಿಕೊಳ್ಳುವ ವಿಧಿಗೆ ‘ಮಾಂಕಿಪಾತಿಯೊ’ ಎಂದು ಹೆಸರು. ಅದೇ ವಿಧಿಯನ್ನು ಬಳಸಿ ಮಗನನ್ನು ಮನೆ ಯಜಮಾನನ ಕೈಯಿಂದ ಹೊರಗೆ ಬಿಡುವುದು ‘ಎಮಾಂಕಿಪಾತಿಯೊ’.

ರೋಮಿನಲ್ಲಿ ಪ್ರಾಯಕ್ಕೆ ಬಂದ ಮಾತ್ರಕ್ಕೆ ಮಗ ಸ್ವತಂತ್ರನಾಗುತ್ತಿರಲಿಲ್ಲ. ತಂದೆ ಬದುಕಿರುವವರೆಗೂ ನಲವತ್ತು ದಾಟಿದ ಮಗ, ಅವನ ಹೆಂಡತಿಯ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು, ಎಲ್ಲರೂ ಆ ಹಿರಿಯನ ಅಧಿಕಾರದೊಳಗೆ. ಮಗ ಕಾನ್ಸಲ್ ಎಂಬ ರಾಜ್ಯದ ಹಿರಿಯ ಪದವಿಗೆ ಏರಬಹುದು, ಸೈನ್ಯ ನಡೆಸಬಹುದು. ಸ್ವಂತ ಆಸ್ತಿ ಮಾತ್ರ ಇಲ್ಲ, ಅವನು ಗಳಿಸಿದ್ದು ತಂದೆಗೆ ಸೇರುತ್ತದೆ. ಸೈನಿಕ ಸೇವೆಯ ಗಳಿಕೆಗೆ ವಿನಾಯಿತಿ ಸಿಕ್ಕಿದ್ದು ಆಗಸ್ಟಸ್ ಕಾಲದಲ್ಲಿ.

ಇದರಿಂದ ಹೊರಬರಲು ನೇರವಾದ ಬಾಗಿಲು ಇರಲಿಲ್ಲ. ಕ್ರಿ.ಪೂ. 451–450ರ ಹನ್ನೆರಡು ಫಲಕಗಳ ಕಾನೂನಿನಲ್ಲಿ ಒಂದು ಸಾಲಿತ್ತು: ತಂದೆ ಮಗನನ್ನು ಮೂರು ಸಲ ಮಾರಿದರೆ ಮಗ ತಂದೆಯಿಂದ ಮುಕ್ತ. ಕಾನೂನು ಪಂಡಿತರು ಆ ಸಾಲನ್ನು ಹಿಡಿದು ಬಾಗಿಲು ಮಾಡಿಕೊಂಡರು. ಎರಡನೇ ಶತಮಾನದ ಕಾನೂನು ಪಂಡಿತ ಗಾಯುಸ್ ಕ್ರಮವನ್ನು ವಿವರವಾಗಿ ಕೊಟ್ಟಿದ್ದಾನೆ.

ಪ್ರಾಯಕ್ಕೆ ಬಂದ ರೋಮನ್ ನಾಗರಿಕರು ಕನಿಷ್ಠ ಐದು ಮಂದಿ ಸಾಕ್ಷಿ ಇರಬೇಕು. ಕಂಚಿನ ತಕ್ಕಡಿ ಹಿಡಿಯಲು ಆರನೆಯವನು ಬೇಕು. ಕೊಳ್ಳುವವನ ಪಾತ್ರಕ್ಕೆ ತಂದೆಯ ನಂಬಿಕಸ್ಥ ಗೆಳೆಯ. ಅವನು ಮಗನ ಮೇಲೆ ಕೈಯಿಟ್ಟು, ಈತ ರೋಮನ್ ಹಕ್ಕಿನ ಪ್ರಕಾರ ನನ್ನವನು, ಈ ಕಂಚಿನಿಂದ, ಈ ತಕ್ಕಡಿಯಿಂದ ಇವನನ್ನು ಕೊಂಡಿದ್ದೇನೆ ಎಂಬ ಅರ್ಥದ ಗೊತ್ತಾದ ಮಾತು ಹೇಳುತ್ತಾನೆ. ಬಳಿಕ ಕಂಚಿನ ತುಂಡಿನಿಂದ ತಕ್ಕಡಿಯನ್ನು ಬಡಿದು, ಆ ತುಂಡನ್ನೇ ಬೆಲೆಯೆಂಬಂತೆ ತಂದೆಗೆ ಕೊಡುತ್ತಾನೆ. ನಾಣ್ಯ ಇಲ್ಲದ ಕಾಲದಲ್ಲಿ ಲೋಹವನ್ನು ತೂಗಿ ಕೊಡುತ್ತಿದ್ದರಲ್ಲ, ಅದರ ಪಳೆಯುಳಿಕೆ ಈ ತಕ್ಕಡಿ. ಕೊಂಡ ಗೆಳೆಯ ನ್ಯಾಯಾಧಿಕಾರಿಯ ಮುಂದೆ ಮಗನನ್ನು ಬಿಡುಗಡೆ ಮಾಡುತ್ತಾನೆ, ಮಗ ತಾನಾಗಿ ಮತ್ತೆ ತಂದೆಯ ಅಧಿಕಾರಕ್ಕೆ ಬೀಳುತ್ತಾನೆ. ಎರಡನೇ ಸಲವೂ ಹೀಗೆಯೇ. ಮೂರನೇ ಮಾರಾಟವಾದ ಮೇಲೆ ತಂದೆಯ ಅಧಿಕಾರ ಶಾಶ್ವತವಾಗಿ ಕಡಿದುಹೋಗುತ್ತದೆ.

ಎಡವುತ್ತಿದ್ದದ್ದು ಇಲ್ಲಿಯೇ. ಮೂರನೇ ಮಾರಾಟದ ನಂತರ ಮಗ ಗೆಳೆಯನ ವಶದಲ್ಲಿರುತ್ತಾನೆ. ಗೆಳೆಯನೇ ಬಿಟ್ಟುಕಳಿಸಿದರೆ ಅವನೇ ಕಾನೂನಿನ ಪೋಷಕನಾಗುತ್ತಾನೆ. ಮಗ ಮಕ್ಕಳಿಲ್ಲದೆ, ಉಯಿಲು ಬರೆಯದೆ ಸತ್ತರೆ ವಾರಸುದಾರಿಕೆಯ ಹಕ್ಕು ಅವನಿಗೇ ಹೋಗುವ ಸಂಭವ. ಆದ್ದರಿಂದ ಗೆಳೆಯ ಮಗನನ್ನು ಮೊದಲು ತಂದೆಗೇ ಮರುಮಾರಾಟ ಮಾಡಬೇಕು, ಕೊನೆಯ ಬಿಡುಗಡೆ ತಂದೆಯ ಕೈಯಿಂದಲೇ ಆಗಬೇಕು. ಮಗಳಿಗೆ, ಮೊಮ್ಮಕ್ಕಳಿಗೆ ಒಂದೇ ಮಾರಾಟ ಸಾಕು, ಏಕೆಂದರೆ ಹಳೆಯ ಕಾನೂನಿನ ಸಾಲು ‘ಮಗ’ ಎಂದಷ್ಟೇ ಹೇಳಿತ್ತು.

ಮಸಿಕುಡಿಕೆ:
ತಕ್ಕಡಿ ಅವರೇ, ಹೊರಬಂದ ಮಗನಿಗೆ ಲಾಭವೇ ಆಯಿತೆ? ಓದಿದರೆ ಮನೆಯಿಂದ ಹೊರಹಾಕಿದ ಹಾಗೂ ಕಾಣುತ್ತದೆ.

ತಕ್ಕಡಿ:
ಎರಡೂ ನಿಜ. ಸ್ವಂತ ಹೆಸರಿನಲ್ಲಿ ಆಸ್ತಿ, ಕರಾರು, ಉಯಿಲು ಎಲ್ಲ ಸಾಧ್ಯವಾಯಿತು. ಆದರೆ ಹಳೆಯ ನಾಗರಿಕ ಕಾನೂನಿನ ಕಣ್ಣಿಗೆ ಅವನು ಆ ಕುಟುಂಬದವನೇ ಅಲ್ಲ, ತಂದೆ ಉಯಿಲಿಲ್ಲದೆ ಸತ್ತರೆ ಪಾಲಿಲ್ಲ. ಈ ಅನ್ಯಾಯವನ್ನು ತಿದ್ದಿದ್ದು ಪ್ರೇಟರ್ ಎಂಬ ನ್ಯಾಯಾಧಿಕಾರಿಯ ಆಜ್ಞೆಗಳು. ಹೊರಬಂದ ಮಗನೂ ಮನೆಯಲ್ಲುಳಿದ ಸಹೋದರರ ಜೊತೆ ಪಾಲು ಕೇಳಬಹುದು, ಆದರೆ ಹೊರಗೆ ಹೋದ ಮೇಲೆ ತಾನು ಗಳಿಸಿದ್ದನ್ನು ಲೆಕ್ಕಕ್ಕೆ ತರಬೇಕು. ಮನೆಯಲ್ಲುಳಿದವರ ದುಡಿಮೆ ತಂದೆಯ ಆಸ್ತಿಯಲ್ಲಿ ಕರಗಿರುತ್ತದೆ, ಇವನದು ಮಾತ್ರ ಪ್ರತ್ಯೇಕ ಉಳಿದಿರುತ್ತದೆ. ಅದಕ್ಕೇ ಈ ಸರಿದೂಗಿಸುವ ನಿಯಮ.

ಇನ್ನೊಂದು ಕಠಿಣ ಪರಿಣಾಮವಿದೆ. ಮಗನನ್ನು ಬಿಟ್ಟರೂ ಅವನಿಗೆ ಆಗಲೇ ಹುಟ್ಟಿದ್ದ ಮಕ್ಕಳು ಅಜ್ಜನ ಅಧಿಕಾರದಲ್ಲೇ ಉಳಿಯುತ್ತಿದ್ದರು. ಅವರನ್ನು ಪ್ರತ್ಯೇಕವಾಗಿ ಬಿಡಿಸಬೇಕು.

ಕ್ರಿ.ಶ. 502ರಲ್ಲಿ ಅನಸ್ತಾಸಿಯುಸ್ ಎಂಬ ಚಕ್ರವರ್ತಿ ತನ್ನ ಅನುಮತಿ ಪತ್ರದಿಂದ ಬಿಡುಗಡೆ ಮಾಡುವ ದಾರಿ ತೆರೆದ. 531ರಲ್ಲಿ ಜಸ್ಟಿನಿಯನ್ ತಕ್ಕಡಿ, ಹುಸಿಮಾರಾಟ ಎಲ್ಲವನ್ನೂ ತೆಗೆದುಹಾಕಿ, ನ್ಯಾಯಾಧಿಕಾರಿಯ ಮುಂದೆ ಘೋಷಿಸಿದರೆ ಸಾಕು ಎಂದ.

ಗುಲಾಮರ ಬಿಡುಗಡೆಗೆ ರೋಮನ್ನರ ಪದ ‘ಮಾನುಮಿಸ್ಸಿಯೊ’, ಕೈಯಿಂದ ಕಳುಹಿಸುವುದು. ಅದನ್ನು ಮಾಡುವವನು ಒಡೆಯ, ಒಬ್ಬೊಬ್ಬರನ್ನಾಗಿ. ಅದಕ್ಕೂ ರಾಜ್ಯದ ಮಿತಿಯಿತ್ತು. ಕ್ರಿ.ಪೂ. 2ರ ಫೂಫಿಯಾ ಕನೀನಿಯಾ ಕಾನೂನಿನಂತೆ ಉಯಿಲಿನ ಮೂಲಕ ಬಿಡುವಾಗ 3ರಿಂದ 10 ಗುಲಾಮರಿದ್ದವನು ಅರ್ಧದಷ್ಟು, 10ರಿಂದ 30 ಇದ್ದವನು ಮೂರನೇ ಒಂದು, 100ರವರೆಗೆ ಇದ್ದವನು ನಾಲ್ಕನೇ ಒಂದು, 500ರವರೆಗೆ ಇದ್ದವನು ಐದನೇ ಒಂದು ಭಾಗ ಮಾತ್ರ ಬಿಡಬಹುದು. ಎಷ್ಟೇ ಇದ್ದರೂ 100 ದಾಟುವಂತಿಲ್ಲ. ಬಿಡುಗಡೆಯ ಮೇಲೆ ಬೆಲೆಯ ಇಪ್ಪತ್ತನೇ ಒಂದು ಭಾಗ ತೆರಿಗೆ ಬೇರೆ.

ಗಡಿಕಲ್ಲು:
ಮೂರು ಪದಗಳ ಗಡಿ ಇಲ್ಲಿಂದ ಸ್ಪಷ್ಟವಾಗುತ್ತದೆ. ಮ್ಯಾನ್ಯುಮಿಷನ್‌ನಲ್ಲಿ ಒಡೆಯ ತನ್ನ ಹಕ್ಕು ಬಿಟ್ಟುಕೊಡುತ್ತಾನೆ, ವ್ಯವಸ್ಥೆ ಹಾಗೇ ನಿಂತಿರುತ್ತದೆ. ಎಮ್ಯಾನ್ಸಿಪೇಶನ್‌ನಲ್ಲಿ (18ನೇ ಶತಮಾನದ ನಂತರದ ಅರ್ಥದಲ್ಲಿ) ರಾಜ್ಯ ಒಂದು ಇಡೀ ವರ್ಗದ ಜನರ ಕಾನೂನು ಸ್ಥಾನವನ್ನು ಬದಲಿಸುತ್ತದೆ. ಅಬಾಲಿಷನ್ ಎಂದರೆ ಆ ಸ್ಥಾನವನ್ನೇ ಕಾನೂನಿನಿಂದ ಅಳಿಸುವುದು, ಮುಂದೆ ಯಾರೂ ಅದರೊಳಗೆ ಬೀಳದಂತೆ ಮಾಡುವುದು.

ಒಬ್ಬ ವ್ಯಕ್ತಿಯ ಉದಾಹರಣೆ: ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿದ್ದ ಫ್ರೆಡರಿಕ್ ಡಗ್ಲಸ್ ಗುಲಾಮಗಿರಿಯಿಂದ ತಪ್ಪಿಸಿಕೊಂಡದ್ದು 1838ರಲ್ಲಿ. ಎಂಟು ವರ್ಷ ಕಾನೂನಿನ ಲೆಕ್ಕದಲ್ಲಿ ಮತ್ತೊಬ್ಬರ ಸ್ವತ್ತಾಗಿಯೇ ಇದ್ದರು. 1846ರಲ್ಲಿ ಬ್ರಿಟನ್ನಿನ ಬೆಂಬಲಿಗರು 150 ಪೌಂಡ್ ಕೂಡಿಸಿ ಕೊಟ್ಟ ಮೇಲೆ ಬಿಡುಗಡೆ ಪತ್ರ ದಾಖಲಾಯಿತು. ಅದು ಮ್ಯಾನ್ಯುಮಿಷನ್. ಮೇರಿಲ್ಯಾಂಡಿನ ಗುಲಾಮಗಿರಿ ಅದರಿಂದ ಒಂದಿಷ್ಟೂ ಅಲುಗಲಿಲ್ಲ. ಅಲ್ಲಿ ಎಮ್ಯಾನ್ಸಿಪೇಶನ್ ಆದದ್ದು 1864ರ ನವೆಂಬರ್ 1ರಂದು, ಹೊಸ ರಾಜ್ಯ ಸಂವಿಧಾನ ಜಾರಿಯಾದಾಗ.

ಇನ್ನೊಂದು ಗೊಂದಲ ಬ್ರಿಟನ್ನಿನದು. 1807ರ ಕಾನೂನು ನಿಲ್ಲಿಸಿದ್ದು ಗುಲಾಮರ ವ್ಯಾಪಾರವನ್ನು. ಆಗಲೇ ವಸಾಹತುಗಳಲ್ಲಿ ಇದ್ದವರು, ಅವರಿಗೆ ಹುಟ್ಟಿದವರು ಗುಲಾಮರಾಗಿಯೇ ಉಳಿದರು. ಬಿಡುಗಡೆಯ ಕಾನೂನು 1833ರದು, ರಾಜಮುದ್ರೆ ಬಿದ್ದದ್ದು ಆಗಸ್ಟ್ 28ರಂದು, ಜಾರಿ 1834ರ ಆಗಸ್ಟ್ 1ರಿಂದ. ಆ ದಿನವೂ ಪೂರ್ತಿ ಬಿಡುಗಡೆಯಾದವರು ಆರು ವರ್ಷದೊಳಗಿನ ಮಕ್ಕಳು ಮಾತ್ರ. ಉಳಿದವರೆಲ್ಲ ‘ಅಪ್ರೆಂಟಿಸ್’ ಆದರು. ಹೊಲದ ಕೆಲಸದವರು 1840ರವರೆಗೆ, ಮನೆಗೆಲಸ ಮುಂತಾದವರು 1838ರವರೆಗೆ ಹಳೆಯ ಒಡೆಯನಿಗೇ ಸಂಬಳವಿಲ್ಲದೆ ದುಡಿಯಬೇಕು. ಹೊಲದ ಅಪ್ರೆಂಟಿಸಿಗೆ ವಾರಕ್ಕೆ ಗರಿಷ್ಠ 45 ಗಂಟೆ. ಅದಕ್ಕಿಂತ ಹೆಚ್ಚು ದುಡಿದರೆ ಕೂಲಿ.

ಈ 45 ಗಂಟೆಯ ಹಂಚಿಕೆಯಲ್ಲೇ ಜಗಳ ಹುಟ್ಟಿತು. ದಿನಕ್ಕೆ 9 ಗಂಟೆಯಂತೆ ಐದು ದಿನಕ್ಕೆ ಹಂಚಿದರೆ ಶನಿವಾರ ಪೂರ್ತಿ ಕೈಗೆ ಸಿಗುತ್ತದೆ, ಸ್ವಂತ ತುಂಡುನೆಲದಲ್ಲಿ ಬೆಳೆದುಕೊಳ್ಳಬಹುದು, ಸಂತೆಗೆ ಹೋಗಬಹುದು. ಒಡೆಯರು ದಿನಕ್ಕೆ 8 ಗಂಟೆಯಂತೆ ಹಂಚಿದಾಗ ಆ ಬಿಡುವು ಚೂರುಚೂರಾಯಿತು. ಹೊಡೆಯುವ ಅಧಿಕಾರ ಒಡೆಯನಿಂದ ಹೋಗಿ ಸಂಬಳದ ವಿಶೇಷ ಮ್ಯಾಜಿಸ್ಟ್ರೇಟರಿಗೆ ಬಂತು. ಆದರೆ ಮ್ಯಾಜಿಸ್ಟ್ರೇಟ್ ಶಿಕ್ಷೆ ವಿಧಿಸಿ ಕಳುಹಿಸುತ್ತಿದ್ದ ದುಡಿಮೆಮನೆಗಳು ಸ್ಥಳೀಯ ತೋಟದ ಮಾಲೀಕರ ಹಿಡಿತದಲ್ಲಿದ್ದವು. ಜಮೈಕಾದಲ್ಲಿ ಅಲ್ಲಿನ ತುಳಿಚಕ್ರದ ಶಿಕ್ಷೆಯ ವರದಿಗಳು ಬ್ರಿಟನ್ನಿಗೆ ತಲುಪಿ ಪ್ರತಿಭಟನೆ ಎದ್ದಿತು. ಹೊಲದವರಿಗೂ ಎರಡು ವರ್ಷ ಮೊದಲೇ, 1838ರ ಆಗಸ್ಟ್ 1ರಂದೇ ಈ ವ್ಯವಸ್ಥೆ ಮುಗಿಯಿತು. ಆಂಟಿಗುವಾ ಮತ್ತು ಬರ್ಮುಡಾ ಅಪ್ರೆಂಟಿಸ್ ಪದ್ಧತಿಯನ್ನು ಮೊದಲೇ ಬೇಡವೆಂದು ಬಿಟ್ಟಿದ್ದವು.

ಮಸಿಕುಡಿಕೆ:
ಒಡೆಯರಿಗೆ ಕೊಟ್ಟ ಪರಿಹಾರದ ಹಣದ ಲೆಕ್ಕ ಹೇಗೆ?

ಗಡಿಕಲ್ಲು:
2 ಕೋಟಿ ಪೌಂಡ್, ಆಗಿನ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು ಶೇ. 40. ಒಂದೊಂದು ವಸಾಹತಿನ ಪಾಲನ್ನು ಅಲ್ಲಿನ ಗುಲಾಮರ ಸಂಖ್ಯೆ ಮತ್ತು 1830ರ ಕೊನೆಯವರೆಗಿನ ಎಂಟು ವರ್ಷಗಳ ಸರಾಸರಿ ಮಾರಾಟ ಬೆಲೆಯ ಮೇಲೆ ನಿಗದಿ ಮಾಡಿದರು. ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಕ್ಲೈಮ್ ಇಲ್ಲ. ಆದ್ದರಿಂದ ಆ ಪುಸ್ತಕಗಳು ಇಂದು ಇತಿಹಾಸಕಾರರಿಗೆ ದೊಡ್ಡ ಆಕರ. ಹಣ ಪೂರ್ತಿ ಹೋದದ್ದು ಒಡೆಯರಿಗೆ. ಸುಮಾರು 8 ಲಕ್ಷ ಮಂದಿ ಬಿಡುಗಡೆಯಾದರು, ಅವರಿಗೆ ಒಂದು ಪೆನ್ನಿಯೂ ಇಲ್ಲ. ಅಪ್ರೆಂಟಿಸ್ ಅವಧಿಯ ದುಡಿಮೆಯೂ ಒಡೆಯನಿಗೇ ಸೇರಿದ್ದರಿಂದ, ಬಿಡುಗಡೆಯಾದವರು ತಮ್ಮ ಬೆಲೆಯ ಒಂದು ಭಾಗವನ್ನು ತಾವೇ ತೆತ್ತ ಹಾಗಾಯಿತು. ಇದಕ್ಕಾಗಿ ಎತ್ತಿದ ಸಾಲ ಬ್ರಿಟನ್ನಿನ ಸರ್ಕಾರಿ ಸಾಲಪತ್ರಗಳಲ್ಲಿ ಸೇರಿಕೊಂಡು ಪೂರ್ತಿ ತೀರಿದ್ದು 2015ರಲ್ಲಿ. ಈ ಸಂಗತಿಯನ್ನು ನಮೂದಿನಲ್ಲಿ ಖಂಡಿತ ಸೇರಿಸಿ. ‘1833ರಲ್ಲಿ ಬ್ರಿಟನ್ ಗುಲಾಮರನ್ನು ಬಿಡುಗಡೆ ಮಾಡಿತು’ ಎಂಬ ಒಂದು ಸಾಲು ಇವೆಲ್ಲವನ್ನೂ ನುಂಗಿಬಿಡುತ್ತದೆ.

ಹಳೇಕಡತ:
ಗಡಿಕಲ್ಲು ಅವರ ಮಾತಿಗೆ ಸೇರಿಸುವುದು: 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶ, ಸಿಲೋನ್ ಮತ್ತು ಸೇಂಟ್ ಹೆಲೆನಾ ದ್ವೀಪವನ್ನು ಹೊರಗಿಟ್ಟಿತ್ತು. ಭಾರತಕ್ಕೆ ಬಂದದ್ದು 1843ರ 5ನೇ ಕಾಯ್ದೆ, ಅದೂ ಬೇರೆಯೇ ಧಾಟಿಯದು. ನಾಲ್ಕು ಚಿಕ್ಕ ಕಲಮುಗಳು. ಗುಲಾಮ ಎಂಬ ಕಾರಣಕ್ಕೆ ಯಾರನ್ನೂ ಡಿಕ್ರಿ ವಸೂಲಿಗೆ, ಕಂದಾಯ ಬಾಕಿಗೆ ಸರ್ಕಾರಿ ಅಧಿಕಾರಿ ಮಾರುವಂತಿಲ್ಲ. ಗುಲಾಮನ ಮೇಲಿನ ಒಡೆತನದಿಂದ ಹುಟ್ಟುವ ಯಾವ ಹಕ್ಕನ್ನೂ ಕಂಪನಿಯ ನ್ಯಾಯಾಲಯ ಜಾರಿ ಮಾಡುವಂತಿಲ್ಲ. ಅವನು ಗಳಿಸಿದ ಆಸ್ತಿಯನ್ನು ಗುಲಾಮ ಎಂಬ ನೆಪದಲ್ಲಿ ಕಿತ್ತುಕೊಳ್ಳುವಂತಿಲ್ಲ. ಸ್ವತಂತ್ರನ ಮೇಲೆ ಎಸಗಿದರೆ ಅಪರಾಧವಾಗುವ ಕೃತ್ಯ ಅವನ ಮೇಲೆ ಎಸಗಿದರೂ ಅಪರಾಧ.

ಗಮನಿಸಿ, ‘ಇಂಥವರು ಇಂದಿನಿಂದ ಸ್ವತಂತ್ರರು’ ಎಂಬ ವಾಕ್ಯ ಎಲ್ಲೂ ಇಲ್ಲ. ನೋಂದಣಿ ಇಲ್ಲ, ಪರಿಹಾರ ಇಲ್ಲ, ಬಿಡುಗಡೆಯ ದಿನ ಇಲ್ಲ. ಒಡೆತನಕ್ಕೆ ಇದ್ದ ನ್ಯಾಯಾಲಯದ ಬೆನ್ನುಬಲವನ್ನಷ್ಟೇ ತೆಗೆದರು. ಇದನ್ನು ‘ಭಾರತದ ಎಮ್ಯಾನ್ಸಿಪೇಶನ್ ಕಾನೂನು’ ಎಂದು ಕರೆಯುವುದು ತಪ್ಪಾಗುತ್ತದೆ. ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾದದ್ದು 1860ರ ದಂಡ ಸಂಹಿತೆಯ 370, 371ನೇ ಕಲಮುಗಳಲ್ಲಿ. ದುಡಿಯುವವನು ಸಾಲಕ್ಕೆ ಕಟ್ಟುಬಿದ್ದಿದ್ದರೆ ಈ ಯಾವುದೂ ಅವನ ಕಟ್ಟು ಬಿಚ್ಚಲಿಲ್ಲ, ಏಕೆಂದರೆ ಸಾಲ ಹಾಗೆಯೇ ಇತ್ತು. ಅದನ್ನು ಮುಟ್ಟಿದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಅದು ಜೀತದಾಳು ಬಿಡುಗಡೆಯಾದನೆಂದು ಹೇಳಿ ಅಲ್ಲಿಗೇ ನಿಲ್ಲಲಿಲ್ಲ, ಜೀತಸಾಲವನ್ನೇ ಅಳಿಸಿತು, ಸಾಲಕ್ಕಾಗಿ ವಶಪಡಿಸಿಕೊಂಡ ಆಸ್ತಿಯನ್ನು ಹಿಂತಿರುಗಿಸಬೇಕೆಂದಿತು.

ಮಸಿಕುಡಿಕೆ:
ಹಾಗಾದರೆ ಲಿಂಕನ್ನರ ಘೋಷಣೆಯೂ ಇದೇ ಸಾಲಿನದಲ್ಲವೆ? ತಮ್ಮ ಹಿಡಿತವಿಲ್ಲದ ಕಡೆ ಬಿಡುಗಡೆ, ಹಿಡಿತವಿದ್ದ ಕಡೆ ಇಲ್ಲ. ಅದು ಒಬ್ಬರನ್ನೂ ಬಿಡಿಸಲಿಲ್ಲ ಅಂತ ಬಹಳ ಕಡೆ ಬರೆದಿದ್ದಾರೆ.

ಉತ್ತರದಿಕ್ಕು:
ಆ ಮಾತು ಅರ್ಧ ಸತ್ಯ, ಅದನ್ನು ನಮೂದಿಗೆ ಹಾಕಬೇಡಿ. ಮೊದಲು ಭೂಪಟ ನೋಡೋಣ. 1863ರ ಜನವರಿ 1ರ ಘೋಷಣೆ ಅಮೆರಿಕದ ಅಂತರ್ಯುದ್ಧದಲ್ಲಿ ದಂಗೆಯೆದ್ದ ರಾಜ್ಯಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದಿದ್ದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ ಇದರಲ್ಲಿಲ್ಲ. ಟೆನೆಸಿ ಪಟ್ಟಿಯಲ್ಲಿಲ್ಲ. ಲೂಸಿಯಾನಾದಲ್ಲಿ ನ್ಯೂ ಆರ್ಲಿಯನ್ಸ್ ಸೇರಿ ಜಿಲ್ಲೆಯಂಥ 13 ಪ್ಯಾರಿಷ್‌ಗಳು, ಪಶ್ಚಿಮ ವರ್ಜೀನಿಯಾ ಆಗಲಿದ್ದ 48 ಕೌಂಟಿಗಳು, ವರ್ಜೀನಿಯಾದ ಇನ್ನೂ ಕೆಲವು ಕೌಂಟಿಗಳು ಹೊರಗೆ.

ಯಾಕೆ ಹೀಗೆ? ಶಾಂತಿಕಾಲದಲ್ಲಿ ರಾಜ್ಯವೊಂದರ ಗುಲಾಮಗಿರಿಯನ್ನು ಮುಟ್ಟುವ ಅಧಿಕಾರ ಅಧ್ಯಕ್ಷರಿಗೆ ಸಂವಿಧಾನದಲ್ಲಿ ಇರಲಿಲ್ಲ. ಸೇನೆಯ ಮಹಾದಂಡನಾಯಕನಾಗಿ ಶತ್ರುವಿನ ಬಲ ಕುಗ್ಗಿಸುವ ಯುದ್ಧಕ್ರಮ ಎಂಬ ಆಧಾರ ಮಾತ್ರ ಇತ್ತು. ಶತ್ರುವಲ್ಲದ ನೆಲಕ್ಕೆ ಆ ಆಧಾರ ಅನ್ವಯಿಸುವುದಿಲ್ಲ. ಘೋಷಣೆಯ ಭಾಷೆ ಆಸ್ತಿಪತ್ರದ ಹಾಗೆ ಒಣಗಿರುವುದಕ್ಕೂ ಇದೇ ಕಾರಣ, ನ್ಯಾಯಾಲಯದಲ್ಲಿ ಪ್ರಶ್ನೆ ಬಂದರೆ ನಿಲ್ಲಬೇಕಿತ್ತು.

ಇನ್ನು ಪರಿಣಾಮ. ಒಕ್ಕೂಟದ ಸೇನೆಯ ಹಿಡಿತದಲ್ಲಿದ್ದರೂ ವಿನಾಯಿತಿ ಸಿಗದ ಜಾಗಗಳಿದ್ದವು, ದಕ್ಷಿಣ ಕೆರೊಲಿನಾದ ಕರಾವಳಿ ದ್ವೀಪಗಳಂತೆ. ಅಲ್ಲಿದ್ದ ಸಾವಿರಾರು ಮಂದಿ ಅಂದೇ ಕಾನೂನುಬದ್ಧವಾಗಿ ಸ್ವತಂತ್ರರಾದರು. ಸೇನೆ ಮುಂದುವರಿದ ಹಾಗೆ ಆ ಗೆರೆಯೂ ಮುಂದುವರಿಯಿತು. ಜೊತೆಗೆ ಘೋಷಣೆ ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿತು. ಯುದ್ಧ ಮುಗಿಯುವ ಹೊತ್ತಿಗೆ ಭೂಸೇನೆಯೊಂದರಲ್ಲೇ ಸುಮಾರು 1,80,000 ಕಪ್ಪು ಸೈನಿಕರು ಸೇವೆ ಸಲ್ಲಿಸಿದ್ದರು. ಸ್ವತಃ ಓಡಿಬಂದು ಸೇನೆಯ ಗೆರೆ ದಾಟಿದವರು ಘೋಷಣೆಗೆ ಮೊದಲೇ ಈ ಪ್ರಶ್ನೆಯನ್ನು ಸೇನಾಧಿಕಾರಿಗಳ ಮುಂದೆ ತಂದು ನಿಲ್ಲಿಸಿದ್ದರು ಎಂಬುದೂ ಮರೆಯಬಾರದ ಮಾತು.

ದುರ್ಬಲ ಜಾಗ ಯಾವುದೆಂದರೆ, ಯುದ್ಧಕ್ರಮ ಯುದ್ಧದ ಜೊತೆಗೇ ಮುಗಿಯಿತು ಎಂದು ಯಾರಾದರೂ ವಾದಿಸಬಹುದಿತ್ತು. ಅದನ್ನು ಮುಚ್ಚಿದ್ದು ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ. ಸೆನೆಟ್ 1864ರ ಏಪ್ರಿಲ್ 8, ಕೆಳಮನೆ 1865ರ ಜನವರಿ 31, ರಾಜ್ಯಗಳ ಅನುಮೋದನೆ ಪೂರ್ಣವಾದದ್ದು 1865ರ ಡಿಸೆಂಬರ್ 6. ಕೆಂಟಕಿ, ಡೆಲವೇರ್‌ಗಳಲ್ಲಿ ಬಿಡುಗಡೆ ಬಂದದ್ದು ಆಗಲೇ. ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆ ಇರಬಹುದು ಎಂಬ ವಿನಾಯಿತಿ ಅದೇ ತಿದ್ದುಪಡಿಯಲ್ಲಿದೆ. ದಕ್ಷಿಣದ ರಾಜ್ಯಗಳು ಆ ಸಂದಿಯಲ್ಲೇ ಕೈದಿಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆಸಿದವು.

ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಜನರಲ್ ಗ್ರೇಂಜರ್ ಆದೇಶ ಹೊರಟದ್ದು 1865ರ ಜೂನ್ 19ರಂದು, ಎಂದರೆ ಘೋಷಣೆಯಾಗಿ ಎರಡೂವರೆ ವರ್ಷ ಆದ ಮೇಲೆ. ಜೂನ್‌ಟೀಂತ್ ಆಚರಣೆ ಆ ದಿನದ್ದು. ಅದನ್ನು ‘ಅಮೆರಿಕದಲ್ಲಿ ಗುಲಾಮಗಿರಿ ಮುಗಿದ ದಿನ’ ಎಂದು ಬರೆಯಬೇಡಿ, ಕಾನೂನಿನ ಪ್ರಕಾರ ಡಿಸೆಂಬರ್‌ವರೆಗೆ ಉಳಿದಿತ್ತು.

ಪದಕೋಶ:
ತುಂಬಾ ಉಪಯೋಗವಾಯಿತು ಸರ್. ರಷ್ಯಾದ ಬಗ್ಗೆ ಯಾರಾದರೂ ಲೆಕ್ಕ ಸಮೇತ ಬರೆಯಬಹುದೆ? ರೈತರು ತಮ್ಮ ನೆಲಕ್ಕೇ ಹಣ ಕಟ್ಟಿದರು ಎಂದಷ್ಟೇ ಎಲ್ಲ ಕಡೆ ಇದೆ.

ಮೂರನೇಸಾಲು:
ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಬಿಡುಗಡೆಯ ಕಾನೂನಿಗೆ ಸಹಿ ಹಾಕಿದ್ದು ಹಳೆಯ ಪಂಚಾಂಗದ 1861ರ ಫೆಬ್ರವರಿ 19ಕ್ಕೆ, ಈಗಿನ ಲೆಕ್ಕದಲ್ಲಿ ಮಾರ್ಚ್ 3. ಖಾಸಗಿ ಭೂಮಾಲೀಕರ ಕೈಕೆಳಗಿದ್ದ ಸುಮಾರು 2.3 ಕೋಟಿ ಜನ. ದೇಹದ ಮೇಲಿನ ಒಡೆತನ ಆ ದಿನವೇ ಹೋಯಿತು. ಮದುವೆಗೆ ಯಜಮಾನನ ಅಪ್ಪಣೆ ಬೇಡ, ಮಾರುವಂತಿಲ್ಲ, ಸ್ವಂತ ಹೆಸರಲ್ಲಿ ಆಸ್ತಿ ಇಡಬಹುದು, ದಾವೆ ಹೂಡಬಹುದು. ನೆಲದ ಪ್ರಶ್ನೆ ಮಾತ್ರ ಬೇರೆ.

ಮೊದಲ ಎರಡು ವರ್ಷ ಹಳೆಯ ಬಿಟ್ಟಿ ದುಡಿಮೆ, ಗೇಣಿ ಹೆಚ್ಚುಕಡಿಮೆ ಹಾಗೇ ಮುಂದುವರಿಯಬೇಕು. ಆ ಅವಧಿಯಲ್ಲಿ ಪ್ರತಿ ಎಸ್ಟೇಟಿಗೂ ಒಂದು ಒಪ್ಪಂದಪತ್ರ ಆಗಬೇಕು: ರೈತರಿಗೆ ಎಷ್ಟು ನೆಲ, ಎಷ್ಟು ಗೇಣಿ. ಆಮೇಲೂ ನೆಲ ಕೊಳ್ಳುವ ಕರಾರು ಆಗುವ ತನಕ ರೈತ ‘ತಾತ್ಕಾಲಿಕ ಬಾಧ್ಯಸ್ಥ’. ಈ ತಾತ್ಕಾಲಿಕಕ್ಕೆ ಕೊನೆಯ ದಿನವೇ ಇರಲಿಲ್ಲ. ಖರೀದಿ ಕಡ್ಡಾಯವಾದದ್ದು 1883ರ ಆರಂಭದಿಂದ.

ಬೆಲೆಯ ಸೂತ್ರ: ವಾರ್ಷಿಕ ಗೇಣಿಯನ್ನು ಶೇ. 6ರ ಬಡ್ಡಿ ಎಂದು ಭಾವಿಸಿ ಅಸಲು ಲೆಕ್ಕ ಹಾಕುವುದು. ಗೇಣಿ 9 ರೂಬಲ್ ಇದ್ದರೆ 9ನ್ನು 0.06ರಿಂದ ಭಾಗಿಸಿ, 150 ರೂಬಲ್. ಪೂರ್ಣ ಪ್ರಮಾಣದ ನೆಲಕ್ಕೆ ಸರ್ಕಾರ ಶೇ. 80, ಎಂದರೆ 120 ರೂಬಲ್, ಸಾಲಪತ್ರಗಳ ರೂಪದಲ್ಲಿ ಮಾಲೀಕನಿಗೆ ಕೊಡುತ್ತದೆ. ಉಳಿದ 30 ರೂಬಲ್ ರೈತ ನೇರವಾಗಿ ಮಾಲೀಕನಿಗೆ ಕೊಡಬೇಕು. ರೈತರ ಒಪ್ಪಿಗೆಯಿಲ್ಲದೆ ಮಾಲೀಕನೇ ಖರೀದಿಗೆ ಹಟ ಹಿಡಿದರೆ ಈ 30 ಅವನಿಗೆ ಸಿಗುವುದಿಲ್ಲ. ಸರ್ಕಾರ ಕೊಟ್ಟ 120ಕ್ಕೆ ರೈತ ವರ್ಷಕ್ಕೆ ಶೇ. 6ರಂತೆ 7 ರೂಬಲ್ 20 ಕೊಪೆಕ್, 49 ವರ್ಷ ಕಟ್ಟಬೇಕು. ಒಟ್ಟು 352 ರೂಬಲ್ 80 ಕೊಪೆಕ್.

ಈ ಸೂತ್ರದೊಳಗೇ ಮೋಸ ಅಡಗಿದೆ. ಗೇಣಿ ನೆಲದ ಫಲವತ್ತತೆಗೆ ಸರಿಯಾಗಿ ಇರಲಿಲ್ಲ. ಉತ್ತರದ ಬಡನೆಲದಲ್ಲಿ ರೈತರು ಪಟ್ಟಣಕ್ಕೆ ಹೋಗಿ ದುಡಿದು ತಂದ ಹಣದಿಂದ ಗೇಣಿ ಕಟ್ಟುತ್ತಿದ್ದರು. ಗೇಣಿಯಿಂದ ಬೆಲೆ ಕಟ್ಟಿದರೆ ನೆಲದ ಬೆಲೆಯ ಹೆಸರಿನಲ್ಲಿ ರೈತನ ಮೈದುಡಿಮೆಗೇ ಬೆಲೆ ಕಟ್ಟಿದಂತಾಯಿತು. ಎರಡನೆಯದು, ಮೊದಲ ದೆಸ್ಯಾತಿನಾ (ರಷ್ಯಾದ ಹಳೆಯ ನೆಲದಳತೆ) ನೆಲದ ಮೇಲೆ ಗೇಣಿಯ ದೊಡ್ಡ ಪಾಲನ್ನು ಹೇರಿದರು, ಹಾಗಾಗಿ ಚಿಕ್ಕ ಹಿಡುವಳಿ ಪಡೆದವನಿಗೆ ನೆಲ ದುಬಾರಿ ಬಿತ್ತು. ಮೂರನೆಯದು ‘ಅತ್ರೆಜ್ಕಿ’, ಕತ್ತರಿಸಿದ ತುಂಡುಗಳು. ಸ್ಥಳೀಯವಾಗಿ ಗೊತ್ತುಪಡಿಸಿದ ಗರಿಷ್ಠ ಅಳತೆಗಿಂತ ಹೆಚ್ಚು ನೆಲವನ್ನು ರೈತರು ಮೊದಲು ಉಳುತ್ತಿದ್ದರೆ ಹೆಚ್ಚಿನದನ್ನು ಮಾಲೀಕ ಕತ್ತರಿಸಿಕೊಳ್ಳಬಹುದು. ನೀರಿನ ದಾರಿ, ಹುಲ್ಲುಗಾವಲು ಹೀಗೆ ಮಾಲೀಕನ ಪಾಲಾದ ಕಡೆ ರೈತ ಅದನ್ನು ಮತ್ತೆ ಬಾಡಿಗೆಗೆ ಹಿಡಿಯಲೇಬೇಕು.

ಹಣ ಕಟ್ಟದೆ ನೆಲ ಪಡೆಯುವ ದಾರಿಯೂ ಇತ್ತು. ಗರಿಷ್ಠ ಅಳತೆಯ ಕಾಲುಭಾಗ ಉಚಿತ, ಬದಲಿಗೆ ಉಳಿದುದರ ಮೇಲೆ ಹಕ್ಕಿಲ್ಲ. ಇದನ್ನು ಆರಿಸಿಕೊಂಡವರು ಗೇಣಿ ಏರುತ್ತಾ ಹೋದಂತೆ ಕಷ್ಟಕ್ಕೆ ಬಿದ್ದರು. ಮನೆಗೆಲಸದ ಆಳುಗಳಿಗೆ ಎರಡು ವರ್ಷದ ನಂತರ ಬಿಡುಗಡೆ, ನೆಲ ಏನೂ ಇಲ್ಲ.

ಕಂತಿಗೆ ಹೊಣೆ ಬಹುತೇಕ ಕಡೆ ಇಡೀ ಹಳ್ಳಿಯ ಸಮುದಾಯದ್ದು. ಒಬ್ಬ ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಆದ್ದರಿಂದ ಊರು ಬಿಡಲು ಸಮುದಾಯದ ಒಪ್ಪಿಗೆ, ಪಾಸ್‌ಪೋರ್ಟ್ ಬೇಕು. ಕಂತುಗಳು ರದ್ದಾದದ್ದು 1905ರ ಕ್ರಾಂತಿಯ ಒತ್ತಡಕ್ಕೆ: 1906ರಲ್ಲಿ ಅರ್ಧ, 1907ರ ಜನವರಿಯಿಂದ ಪೂರ್ತಿ.

ತಕ್ಕಡಿ:
ಮೂರನೇಸಾಲು ಅವರ ಲೆಕ್ಕ ನೋಡಿದ ಮೇಲೆ ಬ್ರೆಜಿಲ್ ನೆನಪಿಸಬೇಕು. 1871ರ ಸೆಪ್ಟೆಂಬರ್ 28ರ ‘ಸ್ವತಂತ್ರ ಗರ್ಭ’ ಕಾನೂನಿನಂತೆ ಅಂದಿನಿಂದ ಗುಲಾಮ ತಾಯಿಗೆ ಹುಟ್ಟುವ ಮಗು ಸ್ವತಂತ್ರ. ಆದರೆ ಎಂಟು ವರ್ಷ ತಾಯಿಯ ಒಡೆಯನೇ ಸಾಕಬೇಕು, ಆಮೇಲೆ ಆಯ್ಕೆ ಅವನದು: ಸರ್ಕಾರದಿಂದ 600 ಮಿಲ್‌ರೆಯಿಸ್ ಬೆಲೆಯ ಸಾಲಪತ್ರ ಪಡೆದು ಮಗುವನ್ನು ಒಪ್ಪಿಸುವುದು, ಇಲ್ಲವೇ 21 ತುಂಬುವವರೆಗೆ ದುಡಿಸಿಕೊಳ್ಳುವುದು. ಬಹುಪಾಲು ಒಡೆಯರು ಎರಡನೆಯದನ್ನೇ ಹಿಡಿದರು. 1780ರ ಪೆನ್ಸಿಲ್ವೇನಿಯಾ ಕಾನೂನಿನಲ್ಲಿ ಈ ವಯಸ್ಸು 28. ನ್ಯೂಯಾರ್ಕಿನ 1799ರ ಕಾನೂನಿನಲ್ಲಿ ಗಂಡಿಗೆ 28, ಹೆಣ್ಣಿಗೆ 25. ಈ ಬಗೆಯವನ್ನೆಲ್ಲ ‘ಕ್ರಮೇಣ ಬಿಡುಗಡೆ’ ಎನ್ನುತ್ತಾರೆ. ಕಾನೂನು ಬಂದ ದಿನ ಗುಲಾಮರಾಗಿದ್ದವರಲ್ಲಿ ಬಹುತೇಕರನ್ನು ಇವು ತಾವಾಗಿ ಬಿಡಿಸಲಿಲ್ಲ. ಅಮೆರಿಕದಲ್ಲಿ ಒಡೆಯರು ಗಡುವಿಗೆ ಮುಂಚೆ ಜನರನ್ನು ದಕ್ಷಿಣದ ರಾಜ್ಯಗಳಿಗೆ ಮಾರಿಬಿಡುವ ಅಪಾಯವೂ ಇತ್ತು. ಬ್ರೆಜಿಲ್‌ನಲ್ಲಿ ಷರತ್ತಿಲ್ಲದ ರದ್ದತಿ 1888ರ ಮೇ 13ರಂದು, ಒಡೆಯರಿಗೆ ಪರಿಹಾರವಿಲ್ಲದೆ.

ಪದಕೋಶ:
ಕ್ಯಾಥೊಲಿಕ್, ಯಹೂದಿ ಪ್ರಸಂಗಗಳಲ್ಲಿ ಒಡೆಯನೇ ಇಲ್ಲವಲ್ಲ?

ಹಳೇಕಡತ:
ಅಲ್ಲಿ ಎದುರಿಗಿರುವುದು ಕಾನೂನಿನ ಅನರ್ಹತೆ. ಬ್ರಿಟನ್ನಿನಲ್ಲಿ ಸಂಸತ್ತಿಗೆ ಆಯ್ಕೆಯಾದವನು ಕ್ಯಾಥೊಲಿಕ್ ನಂಬಿಕೆಯನ್ನು ನಿರಾಕರಿಸುವ ಪ್ರಮಾಣ ಮಾಡಬೇಕಿತ್ತು. 1828ರಲ್ಲಿ ಕ್ಯಾಥೊಲಿಕ್ ನಾಯಕ ಡೇನಿಯಲ್ ಓಕಾನಲ್ ಐರ್ಲೆಂಡಿನ ಕ್ಲೇರ್‌ನಿಂದ ಗೆದ್ದು ಈ ಬಿಕ್ಕಟ್ಟನ್ನು ಬಾಗಿಲಿಗೆ ತಂದರು. 1829ರ ಏಪ್ರಿಲ್ 13ರ ಕಾನೂನು ಪ್ರಮಾಣವಚನವನ್ನು ಬದಲಿಸಿತು. ಅದೇ ಹೊತ್ತಿಗೆ ಮತ್ತೊಂದು ಕಾನೂನು ಐರ್ಲೆಂಡಿನ ಕೌಂಟಿಗಳಲ್ಲಿ ಮತದಾನಕ್ಕೆ ಬೇಕಾದ ಆಸ್ತಿ ಮಿತಿಯನ್ನು 40 ಶಿಲಿಂಗ್‌ನಿಂದ 10 ಪೌಂಡ್‌ಗೆ, ಎಂದರೆ ಐದು ಪಟ್ಟಿಗೆ ಏರಿಸಿತು. ಓಕಾನಲ್ಲರನ್ನು ಗೆಲ್ಲಿಸಿದ ಸಣ್ಣ ಹಿಡುವಳಿದಾರರೇ ಮತ ಕಳೆದುಕೊಂಡರು.

ಯಹೂದಿಗಳಿಗೆ ಫ್ರಾನ್ಸ್ 1791ರ ಸೆಪ್ಟೆಂಬರಿನಲ್ಲಿ ಸಮಾನ ಪೌರತ್ವ ಕೊಟ್ಟಿತು. ಪ್ರಷ್ಯಾದ 1812ರ ಆಜ್ಞೆ ಪೌರರೆಂದು ಒಪ್ಪಿದರೂ ಸರ್ಕಾರಿ ಹುದ್ದೆಗಳ ಪ್ರಶ್ನೆಯನ್ನು ಮುಂದಕ್ಕೆ ಹಾಕಿತು. ಲಯನಲ್ ಡಿ ರಾಥ್‌ಚೈಲ್ಡ್ ಬ್ರಿಟನ್ನಿನ ಕೆಳಮನೆಗೆ 1847ರಲ್ಲಿ ಆಯ್ಕೆಯಾದರೂ ಕ್ರೈಸ್ತ ಪ್ರಮಾಣದ ಕಾರಣ ಕುಳಿತುಕೊಳ್ಳಲಾದದ್ದು 1858ರಲ್ಲಿ. ಮಾರ್ಕ್ಸ್ 1844ರಲ್ಲಿ ರಾಜಕೀಯ ವಿಮೋಚನೆ ಬೇರೆ, ಮಾನವ ವಿಮೋಚನೆ ಬೇರೆ ಎಂದು ವಾದಿಸಿದ್ದು ಈ ಚರ್ಚೆಯ ಒಳಗಿನಿಂದಲೇ. ಇಪ್ಪತ್ತು ವರ್ಷದ ಬಳಿಕ, 1864ರಲ್ಲಿ, ಕಾರ್ಮಿಕರ ಅಂತರರಾಷ್ಟ್ರೀಯ ಸಂಘವಾದ ಮೊದಲ ಇಂಟರ್‌ನ್ಯಾಷನಲ್‌ನ ನಿಯಮಾವಳಿ ಕಾರ್ಮಿಕ ವರ್ಗದ ವಿಮೋಚನೆಯನ್ನು ಕಾರ್ಮಿಕ ವರ್ಗವೇ ಗೆದ್ದುಕೊಳ್ಳಬೇಕು ಎಂದಿತು. ರೋಮನ್ ಕಾನೂನಿನಲ್ಲಿ ಇಂಥ ವಾಕ್ಯ ರಚಿಸಲು ಸಾಧ್ಯವೇ ಇರಲಿಲ್ಲ. ಅಲ್ಲಿ ಬಿಡುವವನು ತಂದೆ, ಬಿಡಿಸಿಕೊಳ್ಳುವವನು ತನ್ನಷ್ಟಕ್ಕೆ ಏನೂ ಮಾಡುವಂತಿಲ್ಲ. ನಮೂದಿನಲ್ಲಿ ಈ ತಿರುವಿಗೆ ಪ್ರತ್ಯೇಕ ಪ್ಯಾರಾ ಕೊಡಿ.

ಮಸಿಕುಡಿಕೆ:
ಕೊನೆಯದಾಗಿ ಅಪ್ರಾಪ್ತರ ವಿಷಯ. ಇವತ್ತಿಗೂ ರೋಮನ್ ಅರ್ಥ ಉಳಿದಿರುವುದು ಅಲ್ಲಿ ಮಾತ್ರವೆ?

ಉತ್ತರದಿಕ್ಕು:
ಹೌದು, ತಕ್ಕಡಿ ಹೋಗಿದೆ, ತತ್ವ ಉಳಿದಿದೆ. ಫ್ರಾನ್ಸಿನ ನಾಗರಿಕ ಸಂಹಿತೆಯಲ್ಲಿ ಮದುವೆಯಾದ ಅಪ್ರಾಪ್ತರಿಗೆ ತಾನಾಗಿ, 16 ತುಂಬಿದವರಿಗೆ ನ್ಯಾಯಾಧೀಶರ ತೀರ್ಮಾನದಿಂದ. ಅರ್ಜಿ ಹಾಕುವವರು ತಂದೆತಾಯಿ ಅಥವಾ ಅವರಲ್ಲೊಬ್ಬರು. ನ್ಯಾಯಾಧೀಶರು ಅಪ್ರಾಪ್ತರ ಮಾತು ಕೇಳಬೇಕು, ಸರಿಯಾದ ಕಾರಣ ಇರಬೇಕು. ಆದೇಶದ ಬಳಿಕ ಕರಾರು, ಆಸ್ತಿ, ವಾಸಸ್ಥಳ ಎಲ್ಲದರಲ್ಲೂ ವಯಸ್ಕನಂತೆ. ಆದರೆ ಮದುವೆಯಾಗಲು, ದತ್ತು ಹೋಗಲು ಉಳಿದ ಅಪ್ರಾಪ್ತರ ನಿಯಮವೇ. ವ್ಯಾಪಾರಿಯಾಗಲು ನ್ಯಾಯಾಲಯದ ಪ್ರತ್ಯೇಕ ಅನುಮತಿ.

ಕ್ಯಾಲಿಫೋರ್ನಿಯಾದಲ್ಲಿ ಅಪ್ರಾಪ್ತರೇ ಅರ್ಜಿ ಹಾಕಬಹುದು: ಕನಿಷ್ಠ 14 ವರ್ಷ, ತಂದೆತಾಯಿಯ ಒಪ್ಪಿಗೆಯಿಂದ ಅಥವಾ ಅವರ ಆಕ್ಷೇಪವಿಲ್ಲದೆ ಪ್ರತ್ಯೇಕ ವಾಸ, ಹಣಕಾಸು ಸ್ವತಃ ನಿಭಾಯಿಸುತ್ತಿರಬೇಕು, ಆದಾಯ ಅಪರಾಧದ್ದಾಗಿರಬಾರದು. ಅರ್ಜಿಯ ಜೊತೆ ಆದಾಯ, ಖರ್ಚಿನ ವಿವರಪಟ್ಟಿ ಸಲ್ಲಿಸಬೇಕು. ಮುಂದೆ ಜೀವನೋಪಾಯವಿಲ್ಲದೆ ಹೋದರೆ ಆದೇಶ ರದ್ದಾಗಬಹುದು. ಮತದಾನ, ಮದ್ಯದ ವಯಸ್ಸು ಇದರಿಂದ ಕೆಳಗಿಳಿಯುವುದಿಲ್ಲ. ಅರ್ಜಿ ಹಾಕುವವರು ಕಡೆಗಣಿಸುವುದು ಇನ್ನೊಂದನ್ನು: ಆದೇಶ ಬಂದ ದಿನದಿಂದ ತಂದೆತಾಯಿ ಸಾಕುವ ಹೊಣೆಯೂ ನಿಲ್ಲುತ್ತದೆ, ಬಾಡಿಗೆ, ಆಸ್ಪತ್ರೆ ಖರ್ಚು ಎಲ್ಲವೂ ಅರ್ಜಿದಾರರ ಮೇಲೆ ಬೀಳುತ್ತದೆ.